ಸರಳೆ ವರಸೆಯಿಂದ ಮೊಬೈಲಿನವರೆಗೆ: ಹಾಡಿನ ಪಾಠ ನಡೆದು ಬಂದ ದಾರಿ

ಹೊರನಾಡಿನ ಕನ್ನಡಿಗರ ಮನೆಗಳಲ್ಲಿ ಮಕ್ಕಳಿಗೆ ನಾಲ್ಕು ಹಾಡು ಬರಲಿ ಎಂಬ ಆಸೆ ಎಂದೂ ಬತ್ತಿದ್ದಿಲ್ಲ. ತೊಡಕು ಇರುವುದು ದೂರದಲ್ಲಿ. ಡೊಂಬಿವಿಲಿಯಲ್ಲಿ ಮನೆ, ಮಾಟುಂಗದಲ್ಲಿ ಪಾಠ. ಶಾಲೆ ಬಿಟ್ಟ ಮಗುವನ್ನು ಲೋಕಲ್ ಹತ್ತಿಸಿಕೊಂಡು ಹೋಗಿ ಬರುವ ಹೊತ್ತಿಗೆ ರಾತ್ರಿ ಊಟದ ವೇಳೆಯಾಗಿರುತ್ತದೆ. ಹೀಗಾಗಿ ಈಗ ಹಲವು ಮನೆಗಳಲ್ಲಿ ಪಾಠದ ಜಾಗಕ್ಕೆ ಮೊಬೈಲ್ ಬಂದು ಕೂತಿದೆ. ಆ್ಯಪ್ ತೆರೆದರೆ ತಂಬೂರಿ ಮಿಡಿಯುತ್ತದೆ, ಒಂದು ದನಿ ಸ್ವರ ಹಾಡಿ ತೋರಿಸುತ್ತದೆ, ನಾವು ಹಾಡಿದರೆ ಪರದೆಯ ಮೇಲೆ ಗೆರೆ ಮೂಡುತ್ತದೆ, ಕೊನೆಗೆ ಅಂಕವೂ ಬರುತ್ತದೆ. ಇದನ್ನು ಕಂಡ ಹಿರಿಯರು ಕೇಳುವ ಪ್ರಶ್ನೆ ಒಂದೇ: ಗುರುಮುಖೇನ ಬಾರದ್ದು ವಿದ್ಯೆಯೇ?

ಪ್ರಶ್ನೆ ಸಣ್ಣದಲ್ಲ, ಹೊಸದೂ ಅಲ್ಲ. ಸ್ವರಲಿಪಿಯ ಪುಸ್ತಕ ಅಚ್ಚಾದಾಗ, ಗ್ರಾಮಫೋನ್ ತಟ್ಟೆ ತಿರುಗಿದಾಗ, ರೇಡಿಯೊ ಪಾಠ ಹೇಳಿದಾಗ, ಕ್ಯಾಸೆಟ್ ಬಂದಾಗ, ಪ್ರತಿ ಸಲವೂ ಇದೇ ಅನುಮಾನ ಎದ್ದಿದೆ. ಪ್ರತಿ ಸಲವೂ ಅನುಮಾನದಲ್ಲಿ ಸ್ವಲ್ಪ ನಿಜವಿತ್ತು. ಆದರೆ ಪ್ರತಿ ಸಲವೂ, ಅದುವರೆಗೆ ಬಾಗಿಲ ಹೊರಗೆ ನಿಂತಿದ್ದ ಯಾರೋ ಒಬ್ಬರು ಒಳಗೆ ಬಂದದ್ದೂ ಅಷ್ಟೇ ನಿಜ. ಆದ್ದರಿಂದ ಆ್ಯಪ್‌ನ ಗುಣದೋಷ ನೋಡುವ ಮೊದಲು ಈ ಬಾಗಿಲು ಹೇಗೆ ಹೇಗೆ ತೆರೆಯಿತು ಎಂಬುದನ್ನು ಒಮ್ಮೆ ನೋಡಿಬರೋಣ.

ಕಥೆ ಶುರುವಾಗಬೇಕಾದ್ದು ನಮ್ಮ ಪುರಂದರದಾಸರಿಂದಲೇ. ಹದಿನಾರನೇ ಶತಮಾನದ ದಾಸರನ್ನು ಕರ್ನಾಟಕ ಸಂಗೀತದ ಪಿತಾಮಹ ಎನ್ನುವುದು ಅವರ ಪದಗಳ ಸಂಖ್ಯೆಗಾಗಿ ಮಾತ್ರವಲ್ಲ. ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಆಮೇಲೆ ಪಿಳ್ಳಾರಿ ಗೀತೆ ಎಂಬ ಮೆಟ್ಟಿಲುಗಳ ಪಾಠಕ್ರಮವನ್ನು ಕಟ್ಟಿಕೊಟ್ಟವರು ಅವರೇ ಎಂದು ಸಂಪ್ರದಾಯ ನಂಬಿಕೊಂಡು ಬಂದಿದೆ. ಈ ಕ್ರಮದ ಜಾಣತನವನ್ನು ನಾವು ಬಾಲ್ಯದಲ್ಲಿ ಗಮನಿಸಿರುವುದಿಲ್ಲ. ಆಗ ಅದು ಬರೀ ಬೇಸರದ ಪಾಠ. ಮೊದಲ ರಾಗ ಮಾಯಾಮಾಳವಗೌಳ. ಅದರಲ್ಲಿ ಷಡ್ಜದಿಂದ ರಿಷಭಕ್ಕೆ ಒಂದು ಸಣ್ಣ ಹೆಜ್ಜೆ, ರಿಷಭದಿಂದ ಗಾಂಧಾರಕ್ಕೆ ದೊಡ್ಡ ಜಿಗಿತ, ಗಾಂಧಾರದಿಂದ ಮಧ್ಯಮಕ್ಕೆ ಮತ್ತೆ ಸಣ್ಣ ಹೆಜ್ಜೆ. ಪಂಚಮದಿಂದ ಮೇಲಿನ ಷಡ್ಜದವರೆಗೂ ಇದೇ ಅಳತೆ, ಇದೇ ನಡೆ. ಅಂದರೆ ಅರ್ಧ ರಾಗ ಕಲಿತ ಗಂಟಲಿಗೆ ಉಳಿದರ್ಧ ತಾನಾಗಿ ದಾರಿ ತೋರುತ್ತದೆ. ಆಧಾರವಾದ ಸ, ಮ, ಪಗಳ ಮಗ್ಗುಲಲ್ಲೇ ಉಳಿದ ಸ್ವರಗಳು ಒತ್ತಾಗಿ ಕೂತಿರುವುದರಿಂದ ಹೊಸ ಕಿವಿಗೆ ಅವನ್ನು ಹಿಡಿಯುವುದು ಸುಲಭ. ಒಂದೇ ಪಾಠವನ್ನು ಮೂರು ಕಾಲದಲ್ಲಿ ಹಾಡಿಸುವುದರಿಂದ ತಾಳವೂ ಜೊತೆಗೇ ಕೈಗೆ ಬರುತ್ತದೆ. ಜಂಟಿಯಲ್ಲಿ ಒಂದೊಂದು ಸ್ವರವನ್ನು ಎರಡೆರಡು ಸಲ ಒತ್ತಿ ಹಾಡುವಾಗ ಗಂಟಲಿಗೆ ಕಸುವು ಬರುತ್ತದೆ, ಮುಂದಿನ ಗಮಕಕ್ಕೆ ಅದೇ ತಳಪಾಯ. ಯಾರೋ ಕೂತು, ಕಲಿಯುವವನ ಕಷ್ಟವೇನು ಎಂದು ಯೋಚಿಸಿ, ಸುಲಭದಿಂದ ಕಠಿಣಕ್ಕೆ ಸಾಗುವಂತೆ ಜೋಡಿಸಿದ ಪಾಠವಿದು. ಇಂದು ಕರ್ನಾಟಕ ಸಂಗೀತ ಕಲಿಸುವ ಯಾವುದೇ ಆ್ಯಪ್ ತೆರೆದು ನೋಡಿ, ಮೊದಲ ಅಧ್ಯಾಯ ಇದೇ ಆಗಿರುವ ಸಾಧ್ಯತೆ ಹೆಚ್ಚು. ತಂತ್ರಜ್ಞರಿಗೆ ಬದಲಿಸಲು ಕಾರಣ ಸಿಗಲಿಲ್ಲ.

ಪಾಠಕ್ರಮವೇನೋ ಸಿದ್ಧವಾಯಿತು. ಅದನ್ನು ಹೇಳಿಕೊಡುವವರ ಮನೆ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಗುರುಕುಲ ಎಂದರೆ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಹಿತವಾದದ್ದು. ವಾಸ್ತವದಲ್ಲಿ ಅದಕ್ಕೆ ಜಾತಿಯ ಬೇಲಿ ಇತ್ತು, ಮನೆತನದ ಬೇಲಿ ಇತ್ತು, ಹೆಣ್ಣು ಗಂಡಿನ ಬೇಲಿ ಇತ್ತು. ಘರಾಣೆಯ ಚೀಜುಗಳನ್ನು ಮಕ್ಕಳಿಗಲ್ಲದೆ ಹೊರಗಿನವರಿಗೆ ಕೊಡಲು ಒಪ್ಪದ ಉಸ್ತಾದರಿದ್ದರು. ಎಲ್ಲ ಬೇಲಿಗಳ ಮೇಲೆ ಇನ್ನೊಂದು: ಯಾರು, ಎಲ್ಲಿ, ಏನು ಕಲಿಸುತ್ತಾರೆ ಎಂಬುದೇ ಗೊತ್ತಾಗುತ್ತಿರಲಿಲ್ಲ.

ಭೀಮಸೇನ ಜೋಶಿಯವರ ಕಥೆ ಮುಂಬೈ ಪುಣೆಯ ಕನ್ನಡಿಗರಿಗೆ ಬಾಯಿಪಾಠ. ಆದರೂ ಈ ಕಣ್ಣಿನಿಂದ ಇನ್ನೊಮ್ಮೆ ನೋಡಬಹುದು. ಗದುಗಿನ ಹುಡುಗ ಅಂಗಡಿಯೊಂದರ ಗ್ರಾಮಫೋನಿನಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿಯ ಠುಮ್ರಿ ಕೇಳಿ ಮರುಳಾಗುತ್ತಾನೆ. 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆ ಬಿಡುತ್ತಾನೆ. ಗ್ವಾಲಿಯರ್, ಕಲ್ಕತ್ತಾ ಎಂದು ಉತ್ತರ ಭಾರತವೆಲ್ಲ ಅಲೆದು ಜಲಂಧರ್ ಮುಟ್ಟುತ್ತಾನೆ. ಅಲ್ಲಿ ವಿನಾಯಕರಾವ್ ಪಟವರ್ಧನರು ಸಿಕ್ಕಿ, ನಿನ್ನ ಊರ ಕಡೆಯೇ ಸವಾಯಿ ಗಂಧರ್ವರಿದ್ದಾರಲ್ಲ ಎಂದು ತಿಳಿಸುತ್ತಾರೆ. ಸವಾಯಿ ಗಂಧರ್ವರು ಆ ಕರೀಂ ಖಾನರ ನೇರ ಶಿಷ್ಯರು. ಇದ್ದದ್ದು ಹುಬ್ಬಳ್ಳಿಯ ಮಗ್ಗುಲಿನ ಕುಂದಗೋಳದಲ್ಲಿ. ಅರ್ಧ ದೇಶ ಸುತ್ತಿ ಹುಡುಗ 1936ರಲ್ಲಿ ಕುಂದಗೋಳಕ್ಕೆ ಬಂದು ಸೇರುತ್ತಾನೆ. ನಮಗೆ ಇದು ರೋಚಕ ಕಥೆ. ಆದರೆ ಹೀಗೆ ಹೊರಟ ಎಷ್ಟು ಹುಡುಗರು ದಾರಿಯಲ್ಲೇ ಕಳೆದುಹೋಗಿರಬಹುದು? ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಅದೇ ಗುರುವಿನ ಬಳಿ ಕಲಿತ ಗಂಗೂಬಾಯಿ ಹಾನಗಲ್ ಅವರದು ಇನ್ನೊಂದು ಬಗೆ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಪಾಠ ಮುಗಿಸಿ ಮರಳುತ್ತಿದ್ದರು. ಹಾಡುವವಳು ಎಂಬ ಮಾತೇ ಬೈಗುಳವಾಗಿದ್ದ ಕಾಲ. ಬೀದಿಯಲ್ಲಿ ಜನ ಹಂಗಿಸುತ್ತಿದ್ದುದನ್ನು ಅವರೇ ನೆನೆಸಿಕೊಂಡಿದ್ದಾರೆ. ಪಾಠ ಸಿಕ್ಕಿದರೂ ಪಾಠಕ್ಕೆ ಹೋಗುವ ದಾರಿ ಹೆಣ್ಣಿಗೆ ಎಷ್ಟು ಉದ್ದವಾಗಿತ್ತು ಎಂಬುದನ್ನು ಕಿಲೋಮೀಟರಿನಲ್ಲಿ ಅಳೆಯಲಾಗದು.

ಬೇಲಿಗಳನ್ನು ಮೊದಲು ಅಲ್ಲಾಡಿಸಿದ್ದು ಅಚ್ಚು ಮತ್ತು ಶಾಲೆ. ಬಾಲ್ಯದಲ್ಲಿ ಪಟಾಕಿಯಿಂದ ಕಣ್ಣು ಕಳೆದುಕೊಂಡ ವಿಷ್ಣು ದಿಗಂಬರ ಪಲುಸ್ಕರ್ 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ರಾಜನ ಆಶ್ರಯವಿಲ್ಲದೆ, ಜನರ ನೆರವು ಮತ್ತು ಕಚೇರಿಯ ಗಳಿಕೆಯಿಂದ ನಡೆದ ಶಾಲೆ ಅದು. 1908ರಲ್ಲಿ ಮುಂಬೈಗೂ ಬಂತು. ಅವರ ಶಿಷ್ಯರ ಕಡೆಯಿಂದ 1932ರಲ್ಲಿ ಪುಣೆಗೆ, 1939ರಲ್ಲಿ ದೆಹಲಿಗೆ ಅದೇ ಹೆಸರಿನ ವಿದ್ಯಾಲಯಗಳು ಬಂದವು. ತರಗತಿ, ಪಠ್ಯ, ಪರೀಕ್ಷೆ, ಸರ್ಟಿಫಿಕೇಟು: ಸಂಗೀತಕ್ಕೆ ಇವನ್ನೆಲ್ಲ ತಂದು ಮಧ್ಯಮ ವರ್ಗದ ಮನೆಗಳಿಗೆ ಧೈರ್ಯ ಕೊಟ್ಟವರು ಪಲುಸ್ಕರ್. ಮುಂಬೈಯ ವಕೀಲ ಭಾತಖಂಡೆಯವರು ಊರೂರು ತಿರುಗಿ, ಉಸ್ತಾದರನ್ನು ಕಾಡಿ ಬೇಡಿ ಚೀಜುಗಳನ್ನು ಸಂಗ್ರಹಿಸಿ, ಸ್ವರಲಿಪಿಯೊಂದಿಗೆ ಆರು ಭಾಗಗಳ ಕ್ರಮಿಕ ಪುಸ್ತಕ ಮಾಲಿಕೆಯಲ್ಲಿ ಅಚ್ಚು ಹಾಕಿಸಿದರು. ದಕ್ಷಿಣದಲ್ಲಿ ಎಟ್ಟಯಪುರದ ಸುಬ್ಬರಾಮ ದೀಕ್ಷಿತರು 1904ರಲ್ಲಿ ಸಂಗೀತ ಸಂಪ್ರದಾಯ ಪ್ರದರ್ಶಿನಿಯನ್ನು ತೆಲುಗಿನಲ್ಲಿ ಹೊರತಂದರು. ಮನೆತನದ ಆಸ್ತಿಯಂತಿದ್ದ ಕೃತಿಗಳು ಅಂಗಡಿಯಲ್ಲಿ ಸಿಗುವಂತಾದವು.

ಆದರೆ ದೀಕ್ಷಿತರಿಗೆ ಒಂದು ಕಷ್ಟ ಎದುರಾಯಿತು. ಸ ರಿ ಗ ಮ ಎಂದು ಬರೆದರೆ ಸ್ವರದ ಹೆಸರು ಸಿಗುತ್ತದೆ, ಸ್ವರದ ಅಲುಗಾಟ ಸಿಗುವುದಿಲ್ಲ. ಅದಕ್ಕಾಗಿ ಅವರು ಕಂಪಿತ, ಜಾರು ಮುಂತಾದ ಗಮಕಗಳಿಗೆ ಬೇರೆ ಬೇರೆ ಚಿಹ್ನೆಗಳನ್ನೇ ಕಂಡುಹಿಡಿದು ಸ್ವರಾಕ್ಷರಗಳ ತಲೆಯ ಮೇಲೆ ಕೂರಿಸಿದರು. ಇಷ್ಟಾದರೂ ಆ ಪುಸ್ತಕ ಹಿಡಿದು ಹಾಡಲು, ಮೊದಲೇ ಸಂಗೀತ ಬಲ್ಲವರಿಗೆ ಮಾತ್ರ ಸಾಧ್ಯ. ಕಾಗದ ಮೂಕ.

ಮಾತಾಡುವ ಯಂತ್ರ ಆಗಲೇ ಬಂದಿತ್ತು. 1902ರ ನವೆಂಬರಿನಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ಹಾಡಿದ ತಟ್ಟೆಗಳು ಭಾರತದ ಮೊದಲ ಧ್ವನಿಮುದ್ರಣಗಳ ಸಾಲಿಗೆ ಸೇರಿದವು. (ಇದೇ ಗೌಹರ್ ಜಾನ್ ಕೊನೆಗೆ ಮೈಸೂರು ಅರಮನೆಯ ಗಾಯಕಿಯಾಗಿ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.) ಮೂರು ನಿಮಿಷದ ತಟ್ಟೆಯಲ್ಲಿ ವಿಸ್ತಾರಕ್ಕೆ ಜಾಗವಿಲ್ಲ, ಆದರೆ ಅಲುಗಾಟವೆಲ್ಲ ಇದೆ. ಅಂಗಡಿ ಮುಂದೆ ನಿಂತು ಕೇಳಲು ಜಾತಿ ಕೇಳುವವರಿಲ್ಲ. ಎಷ್ಟು ಏಕಲವ್ಯರು ಈ ತಟ್ಟೆಗಳ ಎದುರು ಕೂತು ಕಲಿತರೋ! ಭೀಮಸೇನರ ಕಥೆ ಶುರುವಾದದ್ದೇ ಹಾಗಲ್ಲವೇ?

ಆಮೇಲೆ ಬಂದದ್ದು ನಮ್ಮ ಬಳಗದ ರೇಡಿಯೊ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. 1927ರಲ್ಲಿ ಮುಂಬೈ, ಕಲ್ಕತ್ತಾ ಕೇಂದ್ರಗಳು ಶುರುವಾದವು. ಅದರ ಬೆನ್ನಿಗೇ, 1929ರಲ್ಲಿ, ಕಲ್ಕತ್ತಾದಲ್ಲಿ ಪಂಕಜ್ ಮಲ್ಲಿಕ್ ‘ಸಂಗೀತ ಶಿಕ್ಷಾರ ಆಸರ್’ ಎಂಬ ಪಾಠ ಆರಂಭಿಸಿದರು. ಸ್ಟುಡಿಯೊದಲ್ಲಿ ಕೂತು, ಎದುರಿಗೆ ಕಾಣದ ಶಿಷ್ಯರಿಗೆ ಸಾಲು ಸಾಲಾಗಿ ಹಾಡು ಹೇಳಿಕೊಡುವುದು. ಕಾರ್ಯಕ್ರಮ 1975ರವರೆಗೆ ನಡೆಯಿತು. ನಾಲ್ಕೂವರೆ ದಶಕ! ಬಂಗಾಳದ ಸಾಮಾನ್ಯ ಮನೆಗಳಲ್ಲಿ ರವೀಂದ್ರ ಸಂಗೀತ ಬೇರೂರಿದ್ದರಲ್ಲಿ ಈ ಪಾಠದ ಪಾಲು ದೊಡ್ಡದು ಎಂದು ಅಲ್ಲಿಯವರು ಈಗಲೂ ನೆನೆಯುತ್ತಾರೆ. ಅಡುಗೆಮನೆಯಲ್ಲಿದ್ದ ಹೆಂಗಸು ಹೊಸ್ತಿಲು ದಾಟದೆ, ಯಾರ ಅಪ್ಪಣೆಯನ್ನೂ ಬೇಡದೆ, ಕಾಸು ಕೊಡದೆ ದೊಡ್ಡ ಗಾಯಕನ ಶಿಷ್ಯೆಯಾಗಬಹುದಾಗಿತ್ತು. ದೂರದಿಂದ ಹಾಡು ಕಲಿಸುವ ಕೆಲಸದ ಇತಿಹಾಸ ಬರೆಯುವವರು ಇಂಟರ್ನೆಟ್ಟಿನಿಂದ ಶುರುಮಾಡಿದರೆ ಅದು ರೇಡಿಯೊಗೆ ಮಾಡುವ ಅನ್ಯಾಯ.

ಆದರೂ ರೇಡಿಯೊದ ಮಿತಿ ರೇಡಿಯೊದವರಿಗೇ ಚೆನ್ನಾಗಿ ಗೊತ್ತು. ನಾವು ಹೇಳಬಲ್ಲೆವು, ಕೇಳಿಸಿಕೊಳ್ಳಲಾರೆವು. ಆ ಮನೆಯ ಹೆಣ್ಣುಮಗಳು ಗಾಂಧಾರವನ್ನು ಒಂದು ಕೂದಲು ಇಳಿಸಿ ಹಾಡಿದರೆ ತಿದ್ದುವವರಿಲ್ಲ. ತಟ್ಟೆಗೂ ಇದೇ ಕೊರತೆ, ಆಮೇಲೆ ಬಂದ ಕ್ಯಾಸೆಟ್ಟಿಗೂ ಇದೇ. ಕ್ಯಾಸೆಟ್ಟಿಗೆ ಒಂದು ಅನುಕೂಲ ಹೆಚ್ಚಿತ್ತು: ಹಿಂದಕ್ಕೆ ತಿರುಗಿಸಿ ಅದೇ ಸಾಲನ್ನು ಹತ್ತು ಸಲ ಕೇಳಬಹುದು. ಗುರುವಿಗೆ ಬೇಸರವಾಗುತ್ತದೆ, ಟೇಪಿಗೆ ಆಗುವುದಿಲ್ಲ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಕೂಡಿಸಿದ ‘ನಿತ್ಯೋತ್ಸವ’ ಕನ್ನಡ ಸುಗಮ ಸಂಗೀತದ ಮೊದಲ ಧ್ವನಿಸುರುಳಿಯಾಗಿ ಬಂದ ಮೇಲೆ, ಕನ್ನಡ ಸಂಘಗಳ ರಾಜ್ಯೋತ್ಸವದ ವೇದಿಕೆಗಳಿಗೆ ಭಾವಗೀತೆಗಳು ಎಲ್ಲಿಂದ ಬಂದವು ಎಂದು ಹೇಳಬೇಕಾಗಿಲ್ಲ. ಟೇಪ್ ರೆಕಾರ್ಡರ್ ಮುಂದೆ ಕಾಪಿ ಪುಸ್ತಕ ಹಿಡಿದು ಕೂತು, ನಿಲ್ಲಿಸಿ ನಿಲ್ಲಿಸಿ ಬರೆದುಕೊಂಡು ಕಲಿತ ಹಾಡುಗಳು ಅವು.

ಇನ್ನು ಶ್ರುತಿಯ ಮಾತು. ಪಾಠವಿದ್ದರೂ ಮನೆಯಲ್ಲಿ ಅಭ್ಯಾಸಕ್ಕೆ ಆಧಾರ ಶ್ರುತಿ ಬೇಕು. ತಂಬೂರಿ ದುಬಾರಿ, ಅದನ್ನು ಶ್ರುತಿ ಮಾಡಲು ಬಲ್ಲ ಕಿವಿ ಬೇಕು. ಮುಂಬೈಯ ಒಂದು ಕೋಣೆಯ ಮನೆಯಲ್ಲಿ ಅದನ್ನು ಮಲಗಿಸುವುದೆಲ್ಲಿ? ಹಾರ್ಮೋನಿಯಂ ಅಗ್ಗ, ಗಟ್ಟಿ, ಯಾರು ಒತ್ತಿದರೂ ಸ್ವರ ಕೊಡುತ್ತದೆ. ಲಕ್ಷಾಂತರ ಮನೆಗಳಲ್ಲಿ ಹಾಡುವುದನ್ನು ಕಲಿಸಿದ್ದು ಅದೇ. ಆದರೆ ಅದರ ಸ್ವರಸ್ಥಾನಗಳು ಪಾಶ್ಚಾತ್ಯರ ಸಮ ಹಂಚಿಕೆಯವು, ಗಮಕಕ್ಕೆ ಅಲ್ಲಿ ಎಡೆಯಿಲ್ಲ ಎಂಬ ದೂರು ಜೋರಾಗಿ, ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ಕಲಿಕೆಯನ್ನು ಸುಲಭ ಮಾಡುವ ಸಾಧನ ಕಲಿಯುವ ವಸ್ತುವನ್ನೇ ಸ್ವಲ್ಪ ಬದಲಿಸಿಬಿಡುತ್ತದೆ ಎಂಬ ಆತಂಕ ಅದು. ಈ ಜಗಳವನ್ನು ನೆನಪಿಟ್ಟುಕೊಳ್ಳಿ, ಆ್ಯಪ್ ವಿಷಯದಲ್ಲಿ ಮತ್ತೆ ಬರುತ್ತದೆ.

ತಂಬೂರಿಯ ಸಮಸ್ಯೆಗೆ ಉತ್ತರ ಸಿಕ್ಕಿದ್ದು ಬೆಂಗಳೂರಿನಲ್ಲಿ. ಎಚ್‌ಎಎಲ್‌ನಲ್ಲಿ ಇಂಜಿನಿಯರಾಗಿದ್ದ, ಕೊಳಲನ್ನೂ ನುಡಿಸುತ್ತಿದ್ದ ಜಿ. ರಾಜನಾರಾಯಣ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ತಯಾರಿಸಿದರು. ರಾಡೆಲ್ ಹೆಸರಿನ ಆ ಪೆಟ್ಟಿಗೆಗಳು ದೇಶ ವಿದೇಶದ ಸಂಗೀತದ ಮನೆಗಳನ್ನೆಲ್ಲ ಸೇರಿದವು. ಮೊದಮೊದಲು ‘ಇದೆಂಥ ನಾದ’ ಎಂದು ಮೂಗು ಮುರಿದವರೂ ಪ್ರಯಾಣಕ್ಕೆಂದು ಒಂದನ್ನು ಕೊಂಡರು. ಈಗ ಆ ಪೆಟ್ಟಿಗೆಯೂ ಮೊಬೈಲಿನೊಳಗೆ ಕರಗಿಹೋಗಿದೆ. ತಬಲಾವೂ ಅದರೊಳಗೇ ಇದೆ.

ಗುರು ಶಿಷ್ಯರು ಮತ್ತೆ ಎದುರುಬದುರಾದದ್ದು 2003ರಲ್ಲಿ ಬಂದ ಸ್ಕೈಪಿನಿಂದ. (2025ರಲ್ಲಿ ಅದು ಮುಚ್ಚಿತು.) ಚೆನ್ನೈಯ ವಿದ್ವಾಂಸರು ಬೆಳಗಿನ ಜಾವ ಎದ್ದು ಅಮೆರಿಕದ ಮಕ್ಕಳಿಗೆ ಪಾಠ ಹೇಳುವ ಪದ್ಧತಿ ಬೆಳೆಯಿತು. ಇಲ್ಲಿ ಗುರು ಕೇಳಿಸಿಕೊಳ್ಳುತ್ತಾರೆ, ತಿದ್ದುತ್ತಾರೆ. ಕೊರತೆ ಬೇರೆಯದು: ದನಿ ಹೋಗಿ ಬರುವಷ್ಟರಲ್ಲಿ ಒಂದು ಕ್ಷಣ ತಡವಾಗುವುದರಿಂದ ಇಬ್ಬರೂ ಕೂಡಿ ಹಾಡುವಂತಿಲ್ಲ. ನಮ್ಮ ಪಾಠದಲ್ಲಿ ಗುರುವಿನ ದನಿಗೆ ದನಿ ಸೇರಿಸುವುದೇ ಅರ್ಧ ವಿದ್ಯೆ. 2020ರ ಲಾಕ್‌ಡೌನಿನಲ್ಲಿ ಎಲ್ಲರೂ ಜೂಮಿಗೆ ಬಂದಾಗ ಇನ್ನೊಂದು ತಮಾಷೆ ನಡೆಯಿತು. ಒಂದೇ ಸಮನೆ ಬರುವ ಸದ್ದನ್ನು ಫ್ಯಾನಿನ ಗದ್ದಲವೆಂದು ತಿಳಿದು ಅಳಿಸಿಹಾಕುವುದು ಅದರ ಗುಣ. ಅದು ತಂಬೂರಿಯನ್ನೇ ಗದ್ದಲವೆಂದು ಅಳಿಸುತ್ತಿತ್ತು! ಆ ಶುಚಿ ಮಾಡುವ ಸೌಲಭ್ಯವನ್ನು ಬಂದ್ ಮಾಡುವುದು ಹೇಗೆ ಎಂಬುದನ್ನು ಎಷ್ಟೋ ಸಂಗೀತದ ಮೇಷ್ಟರುಗಳು ಶಿಷ್ಯರಿಂದ ಕಲಿಯಬೇಕಾಯಿತು.

ಈಗ ಆ್ಯಪ್‌ಗೆ ಬರೋಣ. ಈ ಇಡೀ ಪರಂಪರೆಯಲ್ಲಿ ಅದು ಹೊಸದಾಗಿ ತಂದದ್ದು ಒಂದನ್ನೇ, ಆದರೆ ಅದು ದೊಡ್ಡದು: ಯಂತ್ರಕ್ಕೆ ಕಿವಿ ಬಂತು.

ಆ ಕಿವಿ ಕೆಲಸ ಮಾಡುವ ಬಗೆ ತೀರಾ ನಿಗೂಢವೇನಲ್ಲ. ಸ್ವರ ಎಂದರೆ ಗಾಳಿಯ ಅಲೆ ಒಂದೇ ಲಯದಲ್ಲಿ ಮರುಕಳಿಸುವುದು. ಫೋನು ನಮ್ಮ ದನಿಯ ಒಂದು ಚಿಕ್ಕ ತುಣುಕನ್ನು ತೆಗೆದುಕೊಂಡು, ಅದರದೇ ನಕಲನ್ನು ಪಕ್ಕದಲ್ಲಿಟ್ಟು, ನಕಲನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಎಲ್ಲಿ ಎರಡೂ ಮತ್ತೆ ತಾಳೆಯಾಗುತ್ತವೆ ಎಂದು ನೋಡುತ್ತದೆ. ಅದರಿಂದ ಸೆಕೆಂಡಿಗೆ ಎಷ್ಟು ಸಲ ಅಲೆ ಮರುಕಳಿಸಿತೆಂದು ಗೊತ್ತಾಗುತ್ತದೆ. ಒಂದು ಮನೆ ಶ್ರುತಿಯ ಗಂಡಸಿನ ಷಡ್ಜ ಸುಮಾರು 131. ಐದು ಮನೆ ಶ್ರುತಿಯ ಹೆಂಗಸಿನ ಷಡ್ಜ ಸುಮಾರು 196. ಕೆಲವೊಮ್ಮೆ ಲೆಕ್ಕ ತಪ್ಪಿ ಒಂದು ಸ್ಥಾಯಿ ಕೆಳಗೆ ಗೆರೆ ಧೊಪ್ಪನೆ ಬೀಳುವುದುಂಟು. ಎರಡು ಸುತ್ತನ್ನು ಒಂದೇ ಎಂದು ಎಣಿಸಿದಾಗ ಹಾಗಾಗುತ್ತದೆ, ಹಾಡಿದವರ ತಪ್ಪಲ್ಲ. ಸ್ವರದಿಂದ ಸ್ವರಕ್ಕಿರುವ ದೂರವನ್ನು ಅಳೆಯಲು 1885ರಲ್ಲಿ ಇಂಗ್ಲೆಂಡಿನ ಅಲೆಕ್ಸಾಂಡರ್ ಎಲ್ಲಿಸ್ ಬಳಕೆಗೆ ತಂದ ‘ಸೆಂಟ್’ ಎಂಬ ಅಳತೆಯಿದೆ, ಒಂದು ಸ್ಥಾಯಿಗೆ 1200 ಸೆಂಟ್. ತಂಬೂರಿಯೊಳಗಿಂದ ತಾನಾಗಿ ಹೊಮ್ಮುವ ಅಂತರ ಗಾಂಧಾರ ಷಡ್ಜದಿಂದ 386 ಸೆಂಟ್ ಮೇಲಿದೆ. ಹಾರ್ಮೋನಿಯಂ ಮನೆಯದು 400. ಆಕಾಶವಾಣಿ ಮೂವತ್ತು ವರ್ಷ ಮುನಿಸಿಕೊಂಡದ್ದರಲ್ಲಿ ಈ ಹದಿನಾಲ್ಕು ಸೆಂಟಿನ ಪಾಲೂ ಇತ್ತೆನ್ನಿ.

ಹಾಡಿದ್ದಕ್ಕೆ ಅಂಕ ಕೊಡುವ ಆಟ ಮೊದಲು ಬೆಳೆದದ್ದು ಹೊರಗೆ. 1971ರಲ್ಲಿ ಜಪಾನಿನ ದೈಸುಕೆ ಇನೊವೆ ಕರೋಕೆ ಯಂತ್ರ ಮಾಡಿದರು. 2004ರಲ್ಲಿ ಬಂದ ‘ಸಿಂಗ್‌ಸ್ಟಾರ್’ ಎಂಬ ವಿಡಿಯೊ ಗೇಮ್ ಹಾಡುವವರ ಸ್ವರವನ್ನು ಪರದೆಯ ಗೆರೆಯೊಂದಿಗೆ ಹೋಲಿಸಿ ಅಂಕ ಕೊಟ್ಟಿತು. ಆದರೆ ಅವಕ್ಕೆ ಗೊತ್ತಿದ್ದದ್ದು ಪಿಯಾನೊದ ಹನ್ನೆರಡು ಮನೆ ಮಾತ್ರ. ನಮ್ಮಲ್ಲಿ ಷಡ್ಜ ಎಲ್ಲಿದೆ ಎಂಬುದನ್ನು ಹಾಡುವವರೇ ನಿರ್ಧರಿಸುತ್ತಾರೆ. ಇನ್ನು ತೋಡಿಯಂಥ ರಾಗ ಬಂದರಂತೂ ಮುಗಿಯಿತು. ತೋಡಿಯ ಗಾಂಧಾರ ತನ್ನ ಜಾಗದಲ್ಲಿ ನಿಲ್ಲುವುದೇ ಅಪರೂಪ. ರಿಷಭ ಮಧ್ಯಮಗಳ ನಡುವೆ ತೂಗುತ್ತಾ ಇರುವುದೇ ಅದರ ಜೀವ. ನೆಟ್ಟಗೆ ನಿಂತ ಸ್ವರಕ್ಕೆ ಮಾತ್ರ ಅಂಕ ಕೊಡುವ ಯಂತ್ರದ ಮುಂದೆ ದೊಡ್ಡ ವಿದ್ವಾಂಸರು ತೋಡಿ ಹಾಡಿದರೆ ಫೇಲಾಗುತ್ತಾರೆ, ಹೊಸದಾಗಿ ಸೇರಿದ ಮಗು ಗಾಂಧಾರವನ್ನು ಕಂಬದಂತೆ ನಿಲ್ಲಿಸಿ ಪಾಸಾಗುತ್ತದೆ. ಹಾರ್ಮೋನಿಯಂ ಜಗಳ ಹೊಸ ವೇಷದಲ್ಲಿ ಬಂತಲ್ಲವೇ?

ಈ ಗಂಟನ್ನು ಬಿಡಿಸಲು ನಡೆದ ಕೆಲಸ ಗಂಭೀರವಾದದ್ದು. ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದಲ್ಲಿ ಷಾವಿಯರ್ ಸೆರ್ರಾ ಅವರ ನೇತೃತ್ವದಲ್ಲಿ 2011ರಿಂದ 2017ರವರೆಗೆ ‘ಕಾಂಪ್‌ಮ್ಯೂಸಿಕ್’ ಎಂಬ ಸಂಶೋಧನೆ ನಡೆಯಿತು. ಪಾಶ್ಚಾತ್ಯ ಸಂಗೀತಕ್ಕೆಂದು ಮಾಡಿದ ಲೆಕ್ಕಗಳು ಬೇರೆ ಪರಂಪರೆಗಳಿಗೆ ಹೊಂದುವುದಿಲ್ಲ ಎಂಬುದೇ ಅದರ ಮೂಲ ಮಾತು. ಕರ್ನಾಟಕ, ಹಿಂದೂಸ್ತಾನಿ, ತುರ್ಕಿಯ ಮಕಾಮ್, ಚೀನಾದ ಒಪೆರಾ ಮುಂತಾದವುಗಳ ಧ್ವನಿಮುದ್ರಣ ಕೂಡಿಹಾಕಿ, ಹಾಡಿನಲ್ಲಿ ಷಡ್ಜ ಗುರುತಿಸುವುದು, ರಾಗ ಹಿಡಿಯುವುದು, ಸಂಚಾರ ಹೋಲಿಸುವುದು ಹೇಗೆಂದು ನೋಡಿದರು. ಮದ್ರಾಸ್ ಮತ್ತು ಮುಂಬೈ ಐಐಟಿಗಳೂ ಇದರಲ್ಲಿ ಕೈಜೋಡಿಸಿದ್ದವು. ಅಲ್ಲಿ ದುಡಿದವರೇ ಮುಂದೆ ‘ರಿಯಾಜ್’ ಎಂಬ ಹಾಡು ಕಲಿಸುವ ಆ್ಯಪ್ ಕಟ್ಟಿದರು. ಸ್ವರದ ಕಂಬಕ್ಕೆ ಹೋಲಿಸುವ ಬದಲು, ಬಲ್ಲವರು ಹಾಡಿದ ಗೆರೆಯ ಪಕ್ಕದಲ್ಲಿ ನಮ್ಮ ಗೆರೆ ಇಟ್ಟು ನೋಡುವುದು ಇಂಥ ಆ್ಯಪ್‌ಗಳ ದಾರಿ. ದೀಕ್ಷಿತರು ಸ್ವರಾಕ್ಷರದ ತಲೆಯ ಮೇಲೆ ಕೂರಿಸಿದ ಚಿಹ್ನೆಗಳು ಬಯಸಿದ್ದು ಇದನ್ನೇ. 2016ರ ನಂತರ ಮೊಬೈಲ್ ಡೇಟಾ ಅಗ್ಗವಾಗಿ, ಇದೆಲ್ಲ ಸಾಮಾನ್ಯರ ಕೈಗೆ ಎಟುಕಿತು.

ಇದರಿಂದ ಒಳಗೆ ಬಂದವರು ಯಾರು? ಮಕ್ಕಳೆಂದು ಎಲ್ಲರೂ ಹೇಳುತ್ತಾರೆ. ನನ್ನ ಎಣಿಕೆಯಲ್ಲಿ ದೊಡ್ಡ ಲಾಭ ದೊಡ್ಡವರದು. ಚಿಕ್ಕಂದಿನಲ್ಲಿ ‘ಹಾಡು ಗೀಡು ಬೇಡ’ ಎನ್ನಿಸಿಕೊಂಡವರು, ‘ನಿನಗೆ ಶ್ರುತಿಯೇ ಇಲ್ಲ’ ಎಂಬ ಒಂದು ಮಾತಿಗೆ ಬಾಯಿ ಮುಚ್ಚಿಕೊಂಡವರು, ಐವತ್ತು ದಾಟಿದ ಮೇಲೆ ಆರು ವರ್ಷದ ಮಕ್ಕಳ ಸಾಲಿನಲ್ಲಿ ಕೂತು ಸರಳೆ ಹಾಡಲು ನಾಚುವವರು. ಇವರಿಗೆ ಬೇಕಾದದ್ದು ನಗದೆ ಕೇಳಿಸಿಕೊಳ್ಳುವ ಕಿವಿ. ಬಾಗಿಲು ಹಾಕಿಕೊಂಡು, ತಪ್ಪು ಹಾಡಿ, ಮತ್ತೆ ಹಾಡಿ, ಗೆರೆ ಗೆರೆಗೆ ಕೂಡಿದಾಗ ಅವರಿಗಾಗುವ ಸಂತೋಷವನ್ನು ಹಗುರವಾಗಿ ಕಾಣಬಾರದು. ನಕ್ಷತ್ರ, ಅಂಕ, ‘ಸತತ ಇಪ್ಪತ್ತು ದಿನ ಹಾಡಿದಿರಿ’ ಎಂಬ ಶಹಬ್ಬಾಸ್ ಎಲ್ಲ ಆಟದ ಸಾಮಾನೇ ಇರಬಹುದು. ಆದರೆ ಸಾಧನೆ ಎಂದರೆ ದಿನವೂ ಕೂರುವುದು ತಾನೇ? ಬೆತ್ತಕ್ಕಿಂತ ನಕ್ಷತ್ರ ವಾಸಿ.

ಎಚ್ಚರ ಬೇಕಾದದ್ದು ಬೇರೆ ಕಡೆ. ಗೆರೆ ನೋಡಿಕೊಂಡು ಹಾಡುವವರು ಕಣ್ಣಿನಿಂದ ಹಾಡುತ್ತಾರೆ. ಪರದೆ ತೆಗೆದರೆ ಸ್ವರವೂ ಹೋಗುತ್ತದೆ. ಆದ್ದರಿಂದ ಮೊದಲು ಕಣ್ಣು ಮುಚ್ಚಿ ಹಾಡಿ, ಆಮೇಲೆ ಗೆರೆ ನೋಡುವುದು ಒಳ್ಳೆಯದು. ಕಿವಿಗೆ ಇಯರ್‌ಫೋನ್ ಇರಲಿ, ಇಲ್ಲದಿದ್ದರೆ ಫೋನು ತನ್ನ ತಂಬೂರಿಯನ್ನೇ ನಿಮ್ಮ ದನಿಯೆಂದು ಎಣಿಸೀತು. ಉಸಿರು ಎಲ್ಲಿಂದ ಬರುತ್ತಿದೆ, ಗಂಟಲು ಬಿಗಿದಿದೆಯೇ, ಮೇಲಿನ ಷಡ್ಜಕ್ಕೆ ಕತ್ತು ಚಾಚುತ್ತಿದೆಯೇ ಎಂಬುದು ಅಳತೆಯ ಆ್ಯಪ್‌ಗೆ ಕಾಣದು. ಬೆಳೆಯುವ ಹುಡುಗನ ದನಿ ಒಡೆಯುವ ವಯಸ್ಸಿನಲ್ಲಿ ‘ಆರು ತಿಂಗಳು ಸುಮ್ಮನೆ ಕೇಳು, ಹಾಡಬೇಡ’ ಎನ್ನಬೇಕಾದವರು ಮನುಷ್ಯರೇ. ಮನೋಧರ್ಮದ ಮಾತಂತೂ ದೂರ ಉಳಿಯಿತು: ಬಲ್ಲವರ ಗೆರೆಯಿಂದ ಬೇಕೆಂದೇ ಆಚೆ ಹೋಗುವುದು ಅಲ್ಲಿ ವಿದ್ಯೆ, ಇಲ್ಲಿ ತಪ್ಪು.

ಕನ್ನಡದ ಹಾಡು ಕಲಿಯುವ ನಮ್ಮ ಮಕ್ಕಳ ಮಟ್ಟಿಗೆ ಇನ್ನೂ ಒಂದು ಸಂಗತಿಯಿದೆ. ಹೊರನಾಡಿನಲ್ಲಿ ಹುಟ್ಟಿ ಬೆಳೆದ ಮಗುವಿಗೆ ದೇವರನಾಮ, ಭಾವಗೀತೆಗಳು ಸಂಗೀತದ ಪಾಠ ಹೇಗೋ ಹಾಗೆ ಕನ್ನಡದ ಪಾಠವೂ ಹೌದು; ಎಷ್ಟೋ ಮನೆಗಳಲ್ಲಿ ಮಗು ಬಾಯಿತುಂಬ ಆಡುವ ಕನ್ನಡ ಅದೊಂದೇ. ಆ್ಯಪ್‌ಗಳಲ್ಲಿ ಸಾಹಿತ್ಯ ಹಲವೊಮ್ಮೆ ಇಂಗ್ಲಿಷ್ ಲಿಪಿಯಲ್ಲಿ ಬರುತ್ತದೆ. ಅಲ್ಲಿ ಣ, ನ ಎರಡೂ ಒಂದೇ ಅಕ್ಷರ; ಲ, ಳ ಎರಡೂ ಒಂದೇ. ಪುಣೆಯ ಮಗುವಿಗೆ ಮರಾಠಿ, ಚೆನ್ನೈ ಹೈದರಾಬಾದಿನ ಮಗುವಿಗೆ ತಮಿಳು ತೆಲುಗು ಬೆನ್ನಿಗಿರುವುದರಿಂದ ‘ಳ’ ಹೇಗೋ ನಾಲಿಗೆಗೆ ಬರುತ್ತದೆ. ದೆಹಲಿಯ ಮಗುವಿಗೆ ಹಿಂದಿಯಿಂದ ಆ ನೆರವಿಲ್ಲ. ಸ್ವರದ ಎತ್ತರ ಅಳೆಯುವ ಲೆಕ್ಕಕ್ಕೆ ಎರಡೂ ಸಮವೇ ಆದ್ದರಿಂದ, ಮಗು ಹಾಡುವಾಗ ಹಳ್ಳಿ ಹಲ್ಲಿಯಾಗುತ್ತದೆ, ಬೆಳೆ ಬೆಲೆಯಾಗುತ್ತದೆ, ಪರದೆಯ ಮೇಲೆ ನೂರಕ್ಕೆ ತೊಂಬತ್ತೈದು ಅಂಕ ಮಿನುಗುತ್ತದೆ. ಆ ಉಳಿದದ್ದನ್ನು ಕೇಳಿಸಿಕೊಳ್ಳಲು ಮನೆಯಲ್ಲಿ ಕನ್ನಡ ಬಲ್ಲ ಒಬ್ಬರು ಪಕ್ಕದಲ್ಲಿ ಕೂರಬೇಕು. ಸಾಹಿತ್ಯವನ್ನು ಕನ್ನಡ ಅಕ್ಷರದಲ್ಲೇ ಒಂದು ಹಾಳೆಯಲ್ಲಿ ಬರೆದು ಫೋನಿನ ಪಕ್ಕದಲ್ಲಿಟ್ಟರೆ ಅರ್ಧ ಕೆಲಸ ಆದಂತೆ.